ಇಂಡೆಕ್ಸರ್‌ಗೆ ಕೈಪಿಡಿ ಬರೆದ ಐದು ತಿಂಗಳು

ಕಳೆದ ಐದು ತಿಂಗಳಿಂದ ಬಿಡುವಿನ ವೇಳೆಯಲ್ಲಿ ನಾನು ಒಂದು ಸಣ್ಣ ಓಪನ್ ಸೋರ್ಸ್ ಯೋಜನೆಗೆ ಕೈಪಿಡಿ ಬರೆಯುತ್ತಿದ್ದೇನೆ. ಇಥೀರಿಯಂ ಎಂಬ ಕ್ರಿಪ್ಟೊ ಜಾಲದ ಬ್ಲಾಕ್‌ಚೈನಿನ ಬ್ಲಾಕ್‌ಗಳನ್ನು, ಎಂದರೆ ವಹಿವಾಟುಗಳ ಕಟ್ಟುಗಳನ್ನು, ಒಂದೊಂದಾಗಿ ಓದಿ, ಅವುಗಳಲ್ಲಿರುವ ವಹಿವಾಟುಗಳನ್ನು ಬಿಡಿಸಿ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಟೇಬಲ್‌ಗಳಲ್ಲಿ ತುಂಬಿಸಿ, ಗ್ರಾಫ್‌ಕ್ಯೂಎಲ್ ಎಂಬ ಪ್ರಶ್ನೆಭಾಷೆಯ ಮೂಲಕ ಯಾರು ಬೇಕಾದರೂ ಪ್ರಶ್ನೆ ಕೇಳುವಂತೆ ಮಾಡುವುದು ಆ ಯೋಜನೆಯ ಕೆಲಸ. ನಾನು ಸೇರಿಕೊಂಡಾಗ ಅದಕ್ಕಿದ್ದ ಬರವಣಿಗೆಯೆಂದರೆ ಒಂದು ರೀಡ್‌ಮಿ ಪುಟ ಮಾತ್ರ. ಡಾಕರ್ ಹೇಗೆ ಚಾಲೂ ಮಾಡಬೇಕು, ಕಾನ್ಫಿಗ್ ಫೈಲಿನಲ್ಲಿ ನೋಡ್‌ನ (ಇಥೀರಿಯಂ ಜಾಲದ ಒಂದು ಕಂಪ್ಯೂಟರಿನ) ವಿಳಾಸವನ್ನು ಎಲ್ಲಿ ಬರೆಯಬೇಕು ಎಂಬುದನ್ನು ಆ ಪುಟ ಚೆನ್ನಾಗಿಯೇ ಹೇಳುತ್ತಿತ್ತು. ಮೊದಲ ವಾರವಿಡೀ ನಾನು ಅದೇ ಪುಟವನ್ನು ತಿದ್ದಿ ತೀಡಿದೆ. ಯಾರೂ ಗಮನಿಸಲಿಲ್ಲ, ಏಕೆಂದರೆ ಅಲ್ಲಿ ಯಾರಿಗೂ ತೊಡಕಾಗಿರಲಿಲ್ಲ.

ಎರಡನೆಯ ವಾರ ಬಳಕೆದಾರರೊಬ್ಬರು ಒಂದು ಪ್ರಶ್ನೆ ಕಳಿಸಿದರು. ಒಂದು ವಿಳಾಸದ ವ್ರ್ಯಾಪ್ಡ್ ಈಥರ್ (ಇಥೀರಿಯಂನ ಹಣವಾದ ಈಥರನ್ನು ಜಮೆ ಮಾಡಿ ಪಡೆಯುವ ಟೋಕನ್) ಬ್ಯಾಲೆನ್ಸ್ ನಮ್ಮ ಟೇಬಲ್‌ನಲ್ಲಿ ಸೊನ್ನೆಗಿಂತ ಕೆಳಗಿತ್ತು. ಇಲ್ಲದ ಟೋಕನ್ನನ್ನು ಯಾರೂ ಖರ್ಚು ಮಾಡಲಾರರು ಎಂಬುದೇ ಈ ವ್ಯವಸ್ಥೆಯ ಮೊದಲ ನಿಯಮವಾಗಿರುವಾಗ ಇದು ಹೇಗೆ ಸಾಧ್ಯವೆಂದು ಅವರು ಕೇಳಿದ್ದರು. ನಮ್ಮ ಸ್ಕೀಮಾದಲ್ಲಿ, ಎಂದರೆ ಟೇಬಲ್‌ಗಳ ನಕ್ಷೆಯಲ್ಲಿ, ಆ ಕಾಲಮ್ಮಿನ ಎದುರು ಬರೆದಿದ್ದ ವಿವರಣೆ ಇಷ್ಟೇ: 'ಬ್ಯಾಲೆನ್ಸ್: ಖಾತೆಯ ಬ್ಯಾಲೆನ್ಸ್.' ಆ ಒಂದು ಸಾಲಿಗೆ ಸರಿಯಾದ ವಿವರಣೆ ಬರೆಯಲು ನನಗೆ ಮೂರು ವಾರ ಬೇಕಾಯಿತು. ಕೈಪಿಡಿಯ ಉಳಿದ ಭಾಗವೆಲ್ಲ ಹೆಚ್ಚುಕಡಿಮೆ ಅದರಿಂದಲೇ ಬೆಳೆಯಿತು.

ಈ ಕೆಲಸವನ್ನು ನನಗೆ ನಾನೇ ಅರ್ಥಮಾಡಿಸಿಕೊಂಡಿದ್ದು ಅಪ್ಪನ ಲೆಕ್ಕದ ಪುಸ್ತಕಗಳ ಮೂಲಕ. ಅವರು ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಬಹುಕಾಲ ಲೆಕ್ಕ ಬರೆದವರು. ಮಂಡಿಯಲ್ಲಿ ಎರಡು ಬಗೆಯ ಪುಸ್ತಕಗಳಿರುತ್ತಿದ್ದವು. ಆಯಾ ದಿನ ನಡೆದದ್ದನ್ನು ನಡೆದ ಕ್ರಮದಲ್ಲಿಯೇ, ಯಾರದ್ದು ಏನೆಂದು ಬೇರ್ಪಡಿಸದೆ, ಬರೆದುಕೊಂಡು ಹೋಗುವುದು ಕಿರ್ದಿ. ಸಂಜೆ ಆ ಸಾಲುಗಳನ್ನು ಒಬ್ಬೊಬ್ಬ ಬೆಳೆಗಾರನ ಹೆಸರಿನ ಪುಟಕ್ಕೆ ಎತ್ತಿ ಬರೆಯುವುದು ಖಾತೆ. ತನ್ನ ಲೆಕ್ಕ ಎಷ್ಟಾಯಿತೆಂದು ಕೇಳಿಕೊಂಡು ಬಂದವನಿಗೆ ಯಾರೂ ಕಿರ್ದಿಯನ್ನು ಮೊದಲಿನಿಂದ ತಿರುವಿ ಹೇಳುವುದಿಲ್ಲ, ಖಾತೆಯ ಪುಟ ತೆಗೆದು ತೋರಿಸುತ್ತಾರೆ. ಖಾತೆಯ ಪ್ರತಿ ಸಾಲಿನ ಪಕ್ಕದಲ್ಲೂ ಅದು ಕಿರ್ದಿಯ ಎಷ್ಟನೆಯ ಪುಟದಿಂದ ಬಂದದ್ದು ಎಂದು ಸಣ್ಣಕ್ಷರದಲ್ಲಿ ನಮೂದಿಸಿರುತ್ತಿದ್ದರು. ತಕರಾರು ಬಂದರೆ ಆ ನಮೂದೇ ಸಾಕ್ಷಿ.

ಬ್ಲಾಕ್‌ಚೈನ್ ಒಂದು ದೊಡ್ಡ ಕಿರ್ದಿ. ಇಥೀರಿಯಂ ನೋಡ್ ಒಂದನ್ನು ಕೇಳಿದರೆ ಒಂದು ವಿಳಾಸದಲ್ಲಿ ಈಗ ಎಷ್ಟು ಈಥರ್ ಇದೆಯೆಂದು ಅದು ಹೇಳಬಲ್ಲದು, ಏಕೆಂದರೆ ಸದ್ಯದ ಸ್ಥಿತಿಯನ್ನು ಅದು ಬೇರೆಯಾಗಿಯೇ ಇಟ್ಟುಕೊಂಡಿರುತ್ತದೆ. ಆದರೆ ಈ ವಿಳಾಸ ಹೋದ ವರ್ಷ ಯಾರುಯಾರಿಗೆ ಎಷ್ಟೆಷ್ಟು ಕಳಿಸಿತು ಎಂದು ಕೇಳಿದರೆ ನೇರ ಉತ್ತರ ಸಿಗುವುದಿಲ್ಲ. ಅದಕ್ಕಾಗಿ ಬ್ಲಾಕ್‌ಗಳನ್ನು ಆರಂಭದಿಂದ ಓದಿ ಖಾತೆಗೆ ಎತ್ತಿ ಬರೆಯಬೇಕು, ಮತ್ತು ಹಾಗೆ ಎತ್ತಿ ಬರೆಯುವ ಯಂತ್ರವೇ ಇಂಡೆಕ್ಸರ್. ಈ ಕ್ಷೇತ್ರದಲ್ಲಿ ಹೆಚ್ಚು ಹೆಸರಾದದ್ದು 2018ರಲ್ಲಿ ಆರಂಭವಾಗಿ 2020ರ ಡಿಸೆಂಬರ್‌ನಲ್ಲಿ ವಿಕೇಂದ್ರೀಕೃತ ಜಾಲವಾಗಿ ಹೊರಬಂದ ದಿ ಗ್ರಾಫ್. ಅಲ್ಲಿ 'ಸಬ್‌ಗ್ರಾಫ್' ಎಂದರೆ ಮುಖ್ಯವಾಗಿ ಮೂರು ಕಡತಗಳು: ಯಾವ ಕಾಂಟ್ರ್ಯಾಕ್ಟನ್ನು (ಬ್ಲಾಕ್‌ಚೈನಿನ ಮೇಲೆ ಓಡುವ ಪ್ರೋಗ್ರಾಮನ್ನು) ಎಷ್ಟನೆಯ ಬ್ಲಾಕ್‌ನಿಂದ ಓದಬೇಕೆಂದು ಹೇಳುವ ಮ್ಯಾನಿಫೆಸ್ಟ್, ಖಾತೆಯ ಆಕಾರವನ್ನು ಹೇಳುವ ಸ್ಕೀಮಾ, ಒಂದೊಂದು ಸಾಲನ್ನು ಹೇಗೆ ಎತ್ತಿ ಬರೆಯಬೇಕೆಂದು ಹೇಳುವ ಮ್ಯಾಪಿಂಗ್. ನಮ್ಮ ಯೋಜನೆಯೂ ಸ್ಥೂಲವಾಗಿ ಇದೇ ಮಾದರಿಯದು.

ಈಗ ಆ ಋಣ ಬ್ಯಾಲೆನ್ಸಿನ ವಿಷಯಕ್ಕೆ ಬರುತ್ತೇನೆ. ಸ್ಮಾರ್ಟ್ ಕಾಂಟ್ರ್ಯಾಕ್ಟ್‌ಗಳು ತಮ್ಮೊಳಗೆ ನಡೆದದ್ದನ್ನು ಹೊರಗಿನವರಿಗೆ ತಿಳಿಸಲು 'ಇವೆಂಟ್' ಎಂಬ ಸಾಲುಗಳನ್ನು ಬರೆಯುತ್ತವೆ. ಇವು ವಹಿವಾಟಿನ ರಸೀದಿಯೊಳಗೆ ಲಾಗ್‌ಗಳಾಗಿ ಉಳಿಯುತ್ತವೆ. ಬೇರೆ ಕಾಂಟ್ರ್ಯಾಕ್ಟ್‌ಗಳು ಅವುಗಳನ್ನು ಓದಲಾರವು. ಅವು ಇರುವುದೇ ನಮ್ಮಂಥ ಹೊರಗಿನ ಓದುಗರಿಗಾಗಿ. ಇಆರ್‌ಸಿ-20 ಎಂಬ ಮಾನದಂಡದ ಟೋಕನ್‌ಗಳಲ್ಲಿ ಟೋಕನ್ ಕೈ ಬದಲಾಯಿಸಿದಾಗ 'ಟ್ರಾನ್ಸ್‌ಫರ್' ಎಂಬ ಇವೆಂಟ್ ಬರುತ್ತದೆ, ಅದರಲ್ಲಿ ಕೊಟ್ಟವರು, ಪಡೆದವರು, ಮೊತ್ತ ಎಂಬ ಮೂರು ವಿವರಗಳಿರುತ್ತವೆ. ನಮ್ಮ ಇಂಡೆಕ್ಸರ್ ಈ ಸಾಲುಗಳನ್ನು ಕೂಡಿ ಕಳೆದು ಬ್ಯಾಲೆನ್ಸ್ ತೆಗೆಯುತ್ತಿತ್ತು. ಆದರೆ ವ್ರ್ಯಾಪ್ಡ್ ಈಥರ್ ಕಾಂಟ್ರ್ಯಾಕ್ಟಿನಲ್ಲಿ ಈಥರ್ ಜಮೆ ಮಾಡಿ ಟೋಕನ್ ಪಡೆದಾಗ ಬರುವುದು ಟ್ರಾನ್ಸ್‌ಫರ್ ಇವೆಂಟ್ ಅಲ್ಲ, 'ಡೆಪಾಸಿಟ್' ಎಂಬ ಬೇರೆಯೇ ಇವೆಂಟ್. ಟೋಕನ್ ಹಿಂತಿರುಗಿಸಿ ಈಥರ್ ಪಡೆದಾಗ ಬರುವುದು 'ವಿತ್‌ಡ್ರಾವಲ್'. ಹೀಗಾಗಿ ಜಮೆಯ ಸಾಲು ನಮ್ಮ ಖಾತೆಗೆ ಬರಲೇ ಇಲ್ಲ, ಖರ್ಚಿನ ಸಾಲು ಮಾತ್ರ ಬಂತು.

ಇದನ್ನು ಕೋಡ್‌ನಲ್ಲಿ ಸರಿಪಡಿಸುವುದು ಒಂದು ಮಧ್ಯಾಹ್ನದ ಕೆಲಸವಾಗಿತ್ತು, ಸರಿಪಡಿಸಿಯೂ ಆಯಿತು. ನನ್ನನ್ನು ಕಾಡಿದ್ದು ಕೈಪಿಡಿಯ ಪ್ರಶ್ನೆ. ಕಿರ್ದಿಯಲ್ಲಿ ಸಾಲೇ ಇಲ್ಲದ ಜಮೆಗಳು ಇನ್ನೆಷ್ಟಿವೆ? ಹುಡುಕಲು ಕುಳಿತಾಗ ಪಟ್ಟಿ ಬೆಳೆಯುತ್ತಲೇ ಹೋಯಿತು. ಈಥರ್‌ನ ವಿಷಯವನ್ನೇ ತೆಗೆದುಕೊಂಡರೆ, 2015ರ ಜುಲೈ 30ರಂದು ಇಥೀರಿಯಂ ಆರಂಭವಾದಾಗ ಮುಂಗಡ ಖರೀದಿ ಮಾಡಿದ್ದವರ ಬ್ಯಾಲೆನ್ಸ್‌ಗಳನ್ನು ಸೊನ್ನೆಯ ಬ್ಲಾಕ್‌ನಲ್ಲಿಯೇ ಇಡಲಾಗಿತ್ತು. ಅದಕ್ಕೆ ವಹಿವಾಟೆಂಬುದೇ ಇಲ್ಲ. ಮಂಡಿಯ ಭಾಷೆಯಲ್ಲಿ ಹೇಳುವುದಾದರೆ ಅದು ಹಿಂದಿನ ಶಿಲ್ಕು. ತಮ್ಮ ಕಂಪ್ಯೂಟರ್‌ಗಳಿಂದ ಹೊಸ ಬ್ಲಾಕ್ ಕಟ್ಟುತ್ತಿದ್ದ ಗಣಿಗಾರರಿಗೆ ಪ್ರತಿ ಬ್ಲಾಕ್‌ಗೆ ಸಿಗುತ್ತಿದ್ದ ಬಹುಮಾನವೂ ವಹಿವಾಟಾಗಿ ಕಾಣುವುದಿಲ್ಲ. 2016ರ ಜುಲೈ 20ರಂದು 1920000ನೆಯ ಬ್ಲಾಕ್‌ನಲ್ಲಿ, ಡಿಎಓ ಎಂಬ ಹೂಡಿಕೆ ನಿಧಿಯ ಮೇಲಿನ ದಾಳಿಯಲ್ಲಿ ಹೋದ ಹಣವನ್ನು ಮರಳಿಸಲು, ನಿಯಮವನ್ನೇ ಬದಲಿಸಿ ಈಥರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಲಾಯಿತು, ಅಲ್ಲೂ ಯಾರ ಸಹಿಯಿರುವ ವಹಿವಾಟೂ ಇಲ್ಲ. 2023ರ ಏಪ್ರಿಲ್‌ನಿಂದ, ಗಣಿಗಾರರ ಜಾಗಕ್ಕೆ ಬಂದ ವ್ಯಾಲಿಡೇಟರ್‌ಗಳು ಹಿಂಪಡೆಯುತ್ತಿರುವ ಈಥರ್ ಬ್ಲಾಕ್‌ನ ಇನ್ನೊಂದು ಪಟ್ಟಿಯಲ್ಲಿ ಬರುತ್ತದೆಯೇ ಹೊರತು ವಹಿವಾಟುಗಳ ಪಟ್ಟಿಯಲ್ಲಿ ಬರುವುದಿಲ್ಲ. ವಹಿವಾಟುಗಳನ್ನಷ್ಟೇ ಕೂಡುವ ಇಂಡೆಕ್ಸರ್ ಈ ನಾಲ್ಕೂ ಕಡೆ ತಪ್ಪು ಲೆಕ್ಕ ಕೊಡುತ್ತದೆ, ಮತ್ತು ಕೊಡುವಾಗ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಅಂದಿನಿಂದ ನಾನು ಸ್ಕೀಮಾದ ಪ್ರತಿ ಕಾಲಮ್ಮಿಗೂ ಒಂದು ಪುಟ್ಟ ಜಾತಕ ಬರೆಯತೊಡಗಿದೆ. ಈ ಅಂಕಿ ಯಾವ ಇವೆಂಟ್‌ನಿಂದ ಬಂತು, ದಾರಿಯಲ್ಲಿ ಅದಕ್ಕೆ ನಾವು ಏನು ಮಾಡಿದೆವು, ಅದರ ಏಕಮಾನ ಯಾವುದು, ಅದು ಎಲ್ಲಿ ಸರಿಯಿರುವುದಿಲ್ಲ. ನಾಲ್ಕನೆಯದನ್ನು ಬರೆಯುವುದು ಕಷ್ಟ, ಯೋಜನೆಯನ್ನು ಕಟ್ಟಿದವರಿಗೆ ಅದನ್ನು ಓದುವುದು ಇನ್ನೂ ಕಷ್ಟ. ನಮ್ಮ ಸಾಧನ ಕೆಟ್ಟದ್ದೆಂದು ನಾವೇ ಹೇಳಿಕೊಂಡಂತಾಗುವುದಿಲ್ಲವೇ ಎಂದು ಯೋಜನೆಯ ಹಿರಿಯರೊಬ್ಬರು ಕೇಳಿದರು. ಬ್ಯಾಲೆನ್ಸ್ ತಪ್ಪೆಂದು ಬಳಕೆದಾರರು ತಾವಾಗಿಯೇ ಕಂಡುಹಿಡಿದ ದಿನ ನಾವು ಕೊಟ್ಟ ಉಳಿದ ಅಂಕಿಗಳ ಮೇಲೂ ಅವರಿಗೆ ನಂಬಿಕೆ ಉಳಿಯುವುದಿಲ್ಲ ಎಂದು ನಾನು ಉತ್ತರಿಸಿದೆ. ಅವರು ಒಪ್ಪಿದರು, ಆದರೆ 'ಸರಿಯಿರುವುದಿಲ್ಲ' ಎಂಬ ತಲೆಬರಹವನ್ನು 'ಮಿತಿಗಳು' ಎಂದು ಬದಲಿಸಿದರು. ನನಗೆ ಮೊದಲಿನದೇ ಹೆಚ್ಚು ಇಷ್ಟವಿತ್ತು.

ಈ ಬಗೆಯ ವಿವರಣೆ ಏಕೆ ಬೇಕೆಂಬುದಕ್ಕೆ ನಾನು ಕೈಪಿಡಿಯಲ್ಲಿ ಕೊಟ್ಟಿರುವ ಉದಾಹರಣೆ ಕ್ರಿಪ್ಟೊಪಂಕ್ಸ್. 2017ರ ಜೂನ್‌ನಲ್ಲಿ ಲಾರ್ವಾ ಲ್ಯಾಬ್ಸ್ ಹೊರತಂದ 10,000 ಪುಟ್ಟ ಚಿತ್ರಗಳು ಅವು. ಆಗಿನ್ನೂ ಎನ್‌ಎಫ್‌ಟಿಗಳಿಗೆ (ಒಂದಕ್ಕೊಂದು ಬದಲಿಯಾಗದ ಇಂಥ ಟೋಕನ್‌ಗಳಿಗೆ) ಇಆರ್‌ಸಿ-721 ಎಂಬ ಮಾನದಂಡ ಬಂದಿರಲಿಲ್ಲವಾದ್ದರಿಂದ ಅದರ ಇವೆಂಟ್‌ಗಳೆಲ್ಲ ಅದಕ್ಕೇ ವಿಶಿಷ್ಟವಾದವು. ಚಿತ್ರ ಮಾರಾಟವಾದಾಗ 'ಪಂಕ್‌ಬಾಟ್' ಎಂಬ ಇವೆಂಟ್ ಬರುತ್ತದೆ, ಅದರಲ್ಲಿ ಬೆಲೆ ಮತ್ತು ಕೊಂಡವರ ವಿಳಾಸ ಇರಬೇಕು. ಆದರೆ ಖರೀದಿದಾರರು ಮೊದಲೇ ಇಟ್ಟಿದ್ದ ಬಿಡ್ ಒಂದನ್ನು ಮಾಲೀಕರು ಒಪ್ಪಿಕೊಂಡು ಮಾರಿದಾಗ ಕಾಂಟ್ರ್ಯಾಕ್ಟ್ ಮೊದಲು ಆ ಬಿಡ್‌ನ ದಾಖಲೆಯನ್ನು ಅಳಿಸುತ್ತದೆ, ಆಮೇಲೆ ಅಳಿಸಿದ ಅದೇ ಜಾಗವನ್ನು ಓದಿ ಇವೆಂಟ್ ಬರೆಯುತ್ತದೆ. ಫಲವಾಗಿ ಬೆಲೆ ಸೊನ್ನೆ, ಕೊಂಡವರ ವಿಳಾಸವೂ ಸೊನ್ನೆ. ಕಾಂಟ್ರ್ಯಾಕ್ಟನ್ನು ಬದಲಿಸಲಾಗದು, ಆದ್ದರಿಂದ ಈ ತಪ್ಪು ಶಾಶ್ವತ. ಇವೆಂಟನ್ನು ಇದ್ದ ಹಾಗೆಯೇ ಎತ್ತಿ ಬರೆದುಕೊಂಡರೆ ಬಿಡ್ ಒಪ್ಪಿ ನಡೆದ ಮಾರಾಟಗಳೆಲ್ಲ ಪುಕ್ಕಟೆ ದಾನಗಳಾಗಿ ಕಾಣುತ್ತವೆ. ಸರಿಯಾದ ಉತ್ತರ ಬೇಕೆಂದರೆ ಅದೇ ವಹಿವಾಟಿನಲ್ಲಿ ಬರುವ ಟ್ರಾನ್ಸ್‌ಫರ್ ಇವೆಂಟ್‌ನಿಂದ ಕೊಂಡವರನ್ನೂ, ಅದಕ್ಕೆ ಹಿಂದೆ ದಾಖಲಾದ ಬಿಡ್‌ನ ಇವೆಂಟ್‌ನಿಂದ ಬೆಲೆಯನ್ನೂ ಹೆಕ್ಕಿಕೊಳ್ಳಬೇಕು. ನಮ್ಮ ಇಂಡೆಕ್ಸರ್ ಹಾಗೆಯೇ ಮಾಡುತ್ತದೆ. ಆದರೆ ಕೈಪಿಡಿಯಲ್ಲಿ ಅದನ್ನು ಹೇಳದೆ ಬಿಟ್ಟರೆ, ನಮ್ಮ ಅಂಕಿಯನ್ನು ಮೂಲದ ಲಾಗ್‌ನೊಂದಿಗೆ ಹೋಲಿಸಿ ನೋಡಿದವರು ತಪ್ಪು ನಮ್ಮದೆಂದೇ ತಿಳಿಯುತ್ತಾರೆ, ಮತ್ತು ಹಾಗೆ ತಿಳಿಯುವುದರಲ್ಲಿ ಅವರ ತಪ್ಪಿಲ್ಲ.

ಏಕಮಾನದ ಬಗ್ಗೆ ಬಹಳ ಹೇಳುವ ಅಗತ್ಯವಿಲ್ಲ. ಯುಎಸ್‌ಡಿಸಿ ಟೋಕನ್ನಿಗೆ ದಶಮಾಂಶದ ನಂತರ 6 ಸ್ಥಾನಗಳು, ಡಾಯ್‌ಗೆ 18. ಟೇಬಲ್‌ನಲ್ಲಿ ಇರುವುದು ಕಚ್ಚಾ ಪೂರ್ಣಾಂಕವೋ ಭಾಗಿಸಿದ ಮೊತ್ತವೋ ಎಂಬುದನ್ನು ಪ್ರತಿ ಕಾಲಮ್ಮಿನಲ್ಲೂ ಹೇಳಬೇಕು. ಮೊತ್ತಗಳನ್ನು ಸಂಖ್ಯೆಯಾಗಿ ಕಳಿಸದೆ ಉದ್ಧರಣ ಚಿಹ್ನೆಯೊಳಗಿನ ಪಠ್ಯವಾಗಿ ಏಕೆ ಕಳಿಸುತ್ತೇವೆಂದು ಅನೇಕರು ಕೇಳುತ್ತಿದ್ದರು. ಜಾವಾಸ್ಕ್ರಿಪ್ಟ್ ತನ್ನ ಸಾಮಾನ್ಯ ಸಂಖ್ಯೆಯಲ್ಲಿ ನಿಖರವಾಗಿ ಹಿಡಿಯಬಲ್ಲ ಗರಿಷ್ಠ ಪೂರ್ಣಾಂಕ 9007199254740991. ವೈ ಎಂಬ ಕಿರು ಏಕಮಾನದಲ್ಲಿ ಎಣಿಸಿದರೆ ಅದು ಒಂದು ಈಥರ್‌ನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಈ ಎರಡು ವಾಕ್ಯಗಳನ್ನು ಸೇರಿಸಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ. ವಿಳಾಸಗಳ ಅಕ್ಷರಗಳದ್ದೂ ಅಂಥದೇ ಕಥೆ. ವ್ಯಾಲೆಟ್‌ಗಳು ತಪ್ಪು ಹಿಡಿಯುವ ಸಲುವಾಗಿ ದೊಡ್ಡಕ್ಷರ ಸಣ್ಣಕ್ಷರ ಬೆರೆಸಿ ವಿಳಾಸ ತೋರಿಸುತ್ತವೆ, ನಾವು ಎಲ್ಲವನ್ನೂ ಸಣ್ಣಕ್ಷರದಲ್ಲಿ ಇಡುತ್ತೇವೆ, ಬೆರೆತದ್ದನ್ನು ಹಾಗೆಯೇ ಅಂಟಿಸಿ ಹುಡುಕಿದವರಿಗೆ ಖಾಲಿ ಉತ್ತರ ಸಿಗುತ್ತದೆ. ದೋಷದ ಸಂದೇಶ ಬಂದಿದ್ದರೆ ಚೆನ್ನಾಗಿತ್ತು. ಖಾಲಿ ಉತ್ತರ ಮಾತ್ರ ಬಂದರೆ ಈ ವಿಳಾಸದಲ್ಲಿ ಏನೂ ನಡೆದಿಲ್ಲವೆಂದು ಓದುಗರು ನಂಬಿಬಿಡುತ್ತಾರೆ.

ಕೈಪಿಡಿಯಲ್ಲಿ ಅತಿ ಹೆಚ್ಚು ಸಲ ತಿದ್ದಿ ಬರೆದ ಪುಟ ಬ್ಲಾಕ್‌ಗಳು ಹಿಂದೆ ಸರಿಯುವ ವಿಷಯದ್ದು. ಜಾಲದ ತುದಿಯಲ್ಲಿ ಎರಡು ಬ್ಲಾಕ್‌ಗಳ ನಡುವೆ ಪೈಪೋಟಿಯಾಗಿ, ನಾವು ಆಗಲೇ ಓದಿಕೊಂಡ ಬ್ಲಾಕ್ ಬಿದ್ದುಹೋಗಿ ಇನ್ನೊಂದು ಅದರ ಜಾಗಕ್ಕೆ ಬರುವುದನ್ನು ಡೆವಲಪರ್‌ಗಳು ರಿಯಾರ್ಗ್ ಎನ್ನುತ್ತಾರೆ. ಆಗ ಇಂಡೆಕ್ಸರ್ ತಾನು ಬರೆದ ಸಾಲುಗಳನ್ನು ಅಳಿಸಿ ಹಿಂದಕ್ಕೆ ಹೋಗಿ ಮತ್ತೆ ಬರೆಯಬೇಕಾಗುತ್ತದೆ. ಹಳೆಯ ರೀಡ್‌ಮಿ ಪುಟದಲ್ಲಿ 'ರಿಯಲ್ ಟೈಮ್ ಡೇಟಾ' ಎಂಬ ಮಾತಿತ್ತು. ನಾನು ಮೊದಲು ತೆಗೆದುಹಾಕಿದ್ದು ಅದನ್ನೇ. ಇಥೀರಿಯಂನಲ್ಲಿ ಈಗ 12 ಸೆಕೆಂಡಿಗೊಂದು ಸ್ಲಾಟ್, ಎಂದರೆ ಒಂದು ಬ್ಲಾಕ್ ಬರಬಹುದಾದ ಸರದಿ, 32 ಸ್ಲಾಟ್‌ಗಳಿಗೆ ಒಂದು ಈಪಾಕ್. ಎಲ್ಲ ಸರಿಯಾಗಿ ನಡೆದರೆ ಸುಮಾರು ಎರಡು ಈಪಾಕ್‌ಗಳ ನಂತರ, ಎಂದರೆ ಹೆಚ್ಚುಕಡಿಮೆ 13 ನಿಮಿಷಕ್ಕೆ, ಒಂದು ಬ್ಲಾಕ್ ಅಂತಿಮವಾಗುತ್ತದೆ. ಆದ್ದರಿಂದ ನಮ್ಮ ಪ್ರತಿ ಉತ್ತರದ ಜೊತೆಗೂ ಇದು ಎಷ್ಟನೆಯ ಬ್ಲಾಕ್‌ವರೆಗಿನ ಲೆಕ್ಕ, ಆ ಬ್ಲಾಕ್ ಅಂತಿಮವಾಗಿದೆಯೋ ಇಲ್ಲವೋ ಎಂಬ ಎರಡು ವಿವರಗಳನ್ನು ಕಳಿಸುವಂತೆ ಕೇಳಿಕೊಂಡೆ. ಅವು ಬಂದ ಮೇಲೆ ಕೈಪಿಡಿಯ ಸಲಹೆ ಸರಳವಾಯಿತು: ಪರದೆಯ ಮೇಲೆ ತೋರಿಸಲು ತಾಜಾ ಅಂಕಿ ಸಾಕು, ಅದರ ಆಧಾರದ ಮೇಲೆ ಹಣ ಕೊಡುವುದಾದರೆ ಅಂತಿಮವಾದದ್ದನ್ನೇ ಬಳಸಿ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಗಣಿಗಾರಿಕೆಯನ್ನು ಬಿಟ್ಟ ಮೇಲೆ, 12 ಬ್ಲಾಕ್ ಕಾಯಿರಿ ಎನ್ನುತ್ತಿದ್ದ ಹಳೆಯ ಪದ್ಧತಿಗೆ ಮೊದಲಿನ ಅರ್ಥ ಉಳಿದಿಲ್ಲ. ಆದರೂ ನಮ್ಮ ಒಂದು ಪುಟದಲ್ಲಿ ಆ ಸಲಹೆ ನಾನು ಬರುವವರೆಗೂ ಹಾಗೆಯೇ ಕುಳಿತಿತ್ತು.

ದೋಷಗಳ ಪುಟದಲ್ಲಿ ನಾನು ಪಾಲಿಸಿದ್ದು ಒಂದೇ ನಿಯಮ: ತೆರೆಯ ಮೇಲೆ ಕಾಣುವ ಸಂದೇಶವನ್ನು ಒಂದಕ್ಷರವೂ ಬದಲಿಸದೆ ಶೀರ್ಷಿಕೆಯಾಗಿ ಇಡುವುದು. ತೊಂದರೆಗೆ ಸಿಕ್ಕಿದವರು ಅದನ್ನೇ ನಕಲು ಮಾಡಿ ಹುಡುಕುತ್ತಾರೆ. ಉದಾಹರಣೆಗೆ 'ಮಿಸ್ಸಿಂಗ್ ಟ್ರೈ ನೋಡ್' ಎಂಬ ಸಂದೇಶ ಕಂಡವರು ಡೇಟಾಬೇಸ್ ಕೆಟ್ಟಿದೆಯೆಂದು ಹೆದರಿ ಎಲ್ಲವನ್ನೂ ಅಳಿಸಿ ಮೊದಲಿನಿಂದ ಓದಿಸಲು ಹೊರಡುತ್ತಿದ್ದರು. ನಿಜವಾದ ಕಾರಣ ಬೇರೆ. ಗೆತ್ ಎಂಬ ಇಥೀರಿಯಂ ತಂತ್ರಾಂಶದ ಸಾಮಾನ್ಯ ನೋಡ್ ಇತ್ತೀಚಿನ 128 ಬ್ಲಾಕ್‌ಗಳ ಸ್ಥಿತಿಯನ್ನಷ್ಟೇ ಇಟ್ಟುಕೊಂಡಿರುತ್ತದೆ. ಹಳೆಯ ಬ್ಲಾಕ್‌ನಲ್ಲಿ ಕಾಂಟ್ರ್ಯಾಕ್ಟಿನ ಸ್ಥಿತಿ ಏನಿತ್ತೆಂದು ಮ್ಯಾಪಿಂಗ್ ಕೇಳಿದರೆ ಅದಕ್ಕೆ ಹಳೆಯ ಸ್ಥಿತಿಯನ್ನೆಲ್ಲ ಇಟ್ಟುಕೊಂಡಿರುವ ಆರ್ಕೈವ್ ನೋಡ್ ಬೇಕು. ಬರೀ ಇವೆಂಟ್‌ಗಳನ್ನು ಓದುವವರಿಗೆ ಸಾಮಾನ್ಯ ನೋಡ್ ಸಾಕಾಗುವುದರಿಂದ, ನಿಮ್ಮ ಮ್ಯಾಪಿಂಗ್ ನಿಜವಾಗಿಯೂ ಆ ಪ್ರಶ್ನೆಯನ್ನು ಕೇಳಬೇಕೇ ಎಂದು ಯೋಚಿಸಿ ನೋಡಿ ಎಂಬ ಮಾತನ್ನು ಅಲ್ಲಿಯೇ ಸೇರಿಸಿದ್ದೇನೆ. ಬಾಡಿಗೆಯ ಆರ್ಕೈವ್ ನೋಡ್ ಅಗ್ಗವೇನಲ್ಲ.

ಮೊದಲ ಪಾಠದ ವಿಷಯದಲ್ಲಿ ನಾನು ಎಡವಿದೆ. ಹೊಸಬರು ಅನುಸರಿಸಲೆಂದು ಟೋಕನ್ ವಿನಿಮಯದ ಸೇವೆಯಾದ ಯೂನಿಸ್ವಾಪ್‌ನ ಎರಡನೆಯ ಆವೃತ್ತಿಯ ಫ್ಯಾಕ್ಟರಿ ಕಾಂಟ್ರ್ಯಾಕ್ಟನ್ನು ಆರಿಸಿಕೊಂಡು, ವಿನಿಮಯಕ್ಕೆ ಹೊಸ ಟೋಕನ್ ಜೋಡಿ ಸೃಷ್ಟಿಯಾದಾಗಲೆಲ್ಲ ಒಂದು ಸಾಲು ಬರೆಯುವ ಮ್ಯಾಪಿಂಗ್ ಕೊಟ್ಟೆ. ಆರಂಭದ ಬ್ಲಾಕ್ ಸಂಖ್ಯೆ ಕೊಡುವುದನ್ನೇ ಮರೆತಿದ್ದೆ. ಆ ಕಾಂಟ್ರ್ಯಾಕ್ಟ್ ಹುಟ್ಟಿದ್ದು 2020ರ ಮೇ ತಿಂಗಳಲ್ಲಿ, ಒಂದು ಕೋಟಿಯ ಬ್ಲಾಕ್ ದಾಟಿದ ಕೂಡಲೇ. ನನ್ನ ಪಾಠವನ್ನು ನಂಬಿದವರ ಯಂತ್ರಗಳು ಸೊನ್ನೆಯಿಂದ ಶುರುಮಾಡಿ ಏನೂ ಇಲ್ಲದ ಒಂದು ಕೋಟಿ ಬ್ಲಾಕ್‌ಗಳನ್ನು ಜಾಲಾಡಿದವು. ರಾತ್ರಿಯಿಡೀ ಲ್ಯಾಪ್‌ಟಾಪ್ ಓಡಿಸಿ ಬೆಳಿಗ್ಗೆ ಖಾಲಿ ಟೇಬಲ್ ಕಂಡವರಲ್ಲಿ ಒಬ್ಬರು ಬಹಳ ಸೌಜನ್ಯದಿಂದಲೇ ನನಗೆ ಬರೆದರು. ಈಗ ಪಾಠದಲ್ಲಿ ಆರಂಭದ ಬ್ಲಾಕ್ ಇದೆ, ಕೊನೆಯ ಬ್ಲಾಕ್ ಕೂಡ ಇದೆ, ಟೀ ತಣ್ಣಗಾಗುವುದರೊಳಗೆ ಅದು ಮುಗಿಯುತ್ತದೆ.

ಕೊನೆಯ ಬ್ಲಾಕ್ ಕೊಟ್ಟಿದ್ದರಿಂದ ನಿರೀಕ್ಷಿಸದ ಇನ್ನೊಂದು ಅನುಕೂಲವಾಯಿತು. ಉಳಿದ ತಂತ್ರಾಂಶಗಳ ಕೈಪಿಡಿಗಳಲ್ಲಿ ಉದಾಹರಣೆಯ ಉತ್ತರ ಕಾಲಕ್ರಮದಲ್ಲಿ ಹಳಸುತ್ತದೆ, ಆದ್ದರಿಂದ ಬರೆಯುವವರು 'ನಿಮಗೆ ಸುಮಾರು ಹೀಗೆ ಕಾಣಬಹುದು' ಎಂದು ಜಾರಿಕೊಳ್ಳುತ್ತಾರೆ. ಇಲ್ಲಿ ಅಂಥ ಅಗತ್ಯವಿಲ್ಲ. ಅಂತಿಮವಾದ ಬ್ಲಾಕ್ ಇನ್ನು ಬದಲಾಗುವುದಿಲ್ಲವಾದ್ದರಿಂದ ಉತ್ತರವನ್ನು ಕೊನೆಯ ಅಂಕಿಯವರೆಗೂ ಅಚ್ಚು ಹಾಕಬಹುದು. ಹೀಗಾಗಿ ಕೈಪಿಡಿಯ ಎಲ್ಲ ಉದಾಹರಣೆಗಳನ್ನೂ ನಾವು ಪರೀಕ್ಷೆಗಳನ್ನಾಗಿ ಪರಿವರ್ತಿಸಿದೆವು. ಕೋಡ್ ಬದಲಾದಾಗಲೆಲ್ಲ ಅವು ತಾವಾಗಿ ಓಡುತ್ತವೆ, ಪುಟದಲ್ಲಿರುವ ಉತ್ತರಕ್ಕೆ ತಾಳೆಯಾಗದಿದ್ದರೆ ಬದಲಾವಣೆ ಒಳಗೆ ಬರುವುದಿಲ್ಲ. ಅವುಗಳಲ್ಲಿ ನನಗೆ ಅಚ್ಚುಮೆಚ್ಚಿನದು 46147ನೆಯ ಬ್ಲಾಕ್. ಇಥೀರಿಯಂನ ಮೊಟ್ಟಮೊದಲ ವಹಿವಾಟು 2015ರ ಆಗಸ್ಟ್ 7ರಂದು ಅಲ್ಲಿ ನಡೆಯಿತು, ಮೊತ್ತ 31337 ವೈ. ಅದಕ್ಕೆ ಹಿಂದಿನ ನಲವತ್ತಾರು ಸಾವಿರ ಬ್ಲಾಕ್‌ಗಳಲ್ಲಿ ವಹಿವಾಟುಗಳೇ ಇಲ್ಲ, ಗಣಿಗಾರರ ಬಹುಮಾನ ಮಾತ್ರ ಇದೆ. ಸಾಲಿಲ್ಲದ ಜಮೆ ಎಂದರೇನು ಎಂಬುದನ್ನು ಹೊಸಬರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಗಲಿಲ್ಲ.

ಕೈಪಿಡಿ ಇರುವುದು ಇಂಗ್ಲಿಷಿನಲ್ಲಿ, ಓದುಗರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದರೆ ಕಷ್ಟದ ಪುಟಗಳ ಮೊದಲ ಕರಡನ್ನು ನಾನು ಕನ್ನಡದಲ್ಲಿಯೇ ಬರೆದುಕೊಂಡೆ. ಇಂಗ್ಲಿಷಿನಲ್ಲಿ 'ಬ್ಯಾಲೆನ್ಸ್' ಎಂದು ಬರೆದು ಮುಂದೆ ಹೋಗುವುದು ಸುಲಭ. ಕನ್ನಡದಲ್ಲಿ ಬರೆಯುವಾಗ ಅದು ಶಿಲ್ಕೋ ಬಾಕಿಯೋ ಎಂದು ಕೈ ನಿಂತಿತು. ಪೆಟ್ಟಿಗೆಯಲ್ಲಿ ಎಣಿಸಿದರೆ ಸಿಗುವ ಹಣ ಶಿಲ್ಕು, ಜಮೆಯಲ್ಲಿ ಖರ್ಚು ಕಳೆದಾಗ ಪುಸ್ತಕದಲ್ಲಿ ಉಳಿಯುವುದು ಬಾಕಿ, ಎರಡೂ ಒಂದೇ ಆಗಿದ್ದರೆ ಆ ದಿನ ಲೆಕ್ಕ ಕೂಡಿತೆಂದು ಅಪ್ಪ ಮನೆಗೆ ಬರುತ್ತಿದ್ದರು. ನಮ್ಮ ಟೇಬಲ್‌ನಲ್ಲಿದ್ದದ್ದು ಬಾಕಿ. ಬಳಕೆದಾರರು ಅದನ್ನು ಶಿಲ್ಕೆಂದು ಓದುತ್ತಿದ್ದರು. ಕಾಂಟ್ರ್ಯಾಕ್ಟನ್ನೇ ನೇರವಾಗಿ ಕೇಳಿದರೆ ಸಿಗುವುದು ಶಿಲ್ಕು. ಇದನ್ನು ಯೋಜನೆಯ ಹಿರಿಯರಿಗೆ ವಿವರಿಸಿದ ಮೇಲೆ ಕಾಲಮ್ಮಿನ ಹೆಸರನ್ನೇ ಬದಲಿಸಲು ಅವರು ಒಪ್ಪಿದರು. ಈಗ ಅದು 'ನೆಟ್ ಟ್ರಾನ್ಸ್‌ಫರ್ಸ್'. ಅದರ ಪಕ್ಕದಲ್ಲಿ, ಆಯ್ದ ಬ್ಲಾಕ್‌ಗಳಲ್ಲಿ ಕಾಂಟ್ರ್ಯಾಕ್ಟನ್ನು ಕೇಳಿ ಬರೆದುಕೊಂಡ ಶಿಲ್ಕಿಗೆ ಬೇರೆಯೇ ಕಾಲಮ್ ಬಂದಿದೆ. ಎರಡೂ ಹೊಂದದ ಟೋಕನ್‌ಗಳ ಪಟ್ಟಿಯೊಂದು ತಾನಾಗಿಯೇ ತಯಾರಾಗುತ್ತದೆ.

ಆ ಪಟ್ಟಿಯಲ್ಲಿ, ಈಥರ್ ತೊಡಗಿಸಿದವರಿಗೆ ಲಿಡೊ ಎಂಬ ಸೇವೆ ಕೊಡುವ ಎಸ್‌ಟಿಈಥರ್ ಟೋಕನ್ ಇದೆ. ಅದನ್ನು ಹಿಡಿದವರ ಮೊತ್ತ ಯಾವ ಟ್ರಾನ್ಸ್‌ಫರ್ ಇವೆಂಟೂ ಇಲ್ಲದೆ, ಒಳಗಿನ ಪಾಲುಗಳ ಲೆಕ್ಕದ ಮೇಲೆ, ಬದಲಾಗುತ್ತಿರುತ್ತದೆ. ಅದನ್ನು ಸರಿಯಾಗಿ ಎತ್ತಿ ಬರೆಯಬೇಕಾದರೆ ಮೊತ್ತದ ಬದಲು ಪಾಲುಗಳನ್ನು ಎಣಿಸಬೇಕು, ನಮ್ಮ ಇಂಡೆಕ್ಸರ್ ಇನ್ನೂ ಆ ಕೆಲಸ ಮಾಡುವುದಿಲ್ಲ. ಸದ್ಯಕ್ಕೆ ಅದರ ಪುಟದಲ್ಲಿ ಇರುವುದು ಮೂರೇ ವಾಕ್ಯ: ಈ ಟೋಕನ್ನಿಗೆ ನಮ್ಮ ಅಂಕಿ ಸರಿಯಿಲ್ಲ, ಕಾರಣ ಇದು, ಶಿಲ್ಕು ಬೇಕಾದರೆ ಕಾಂಟ್ರ್ಯಾಕ್ಟನ್ನೇ ಕೇಳಿ. ಆ ಪುಟದ ತಲೆಬರಹವನ್ನು ಯಾರೂ 'ಮಿತಿಗಳು' ಎಂದು ಬದಲಿಸಿಲ್ಲ.